ದ್ರಾಸ್‌ನಲ್ಲಿ ನಾವು ಲೈಟ್ ಆರಿಸಿ ಹೋಗುತ್ತಿದ್ದೆವು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂತು. ಹಾಕಿದವನು ನನ್ನ ಅಣ್ಣನ ಮಗ. ಊರಿಗೆ ಬರಲು ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾಗ ಎದುರಿನ ಲೈನಿನಲ್ಲಿ ಸೈನ್ಯದ ಸ್ಪೆಷಲ್ ರೈಲು ನಿಂತಿತ್ತಂತೆ. ಫೋನ್ ತೆಗೆದು ನಲವತ್ತು ಸೆಕೆಂಡ್ ಹಿಡಿದಿದ್ದಾನೆ. ಕೆಳಗೆ ‘ಚಿಕ್ಕಪ್ಪ, ನಿಮ್ಮವರು’ ಅಂತ ಬರೆದು ಒಂದು ಬಾವುಟ ಹಾಕಿದ್ದ. ಅವನ ಪ್ರೀತಿ ನನಗೆ ಗೊತ್ತು. ಚಿಕ್ಕವನಿದ್ದಾಗ ನಾನು ರಜೆಗೆ ಬಂದರೆ ಟ್ರಂಕು ಇಳಿಸಿಕೊಳ್ಳಲು ಬಸ್‌ಸ್ಟ್ಯಾಂಡಿಗೆ ಓಡಿ ಬರುತ್ತಿದ್ದವನು ಅವನೇ.

ಎರಡೇ ದಿನಕ್ಕೆ ಅದೇ ವಿಡಿಯೊ ಬೇರೆ ಮೂರು ಗುಂಪುಗಳಿಂದ ನನಗೇ ವಾಪಸ್ ಬಂತು. ಒಂದು ಸ್ಥಳೀಯ ಸುದ್ದಿ ಪುಟದಲ್ಲೂ ಕಾಣಿಸಿತು, ಸ್ಟೇಷನ್ನಿನ ಹೆಸರು ದೊಡ್ಡ ಅಕ್ಷರದಲ್ಲಿ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಯಾವ ಸ್ಟೇಷನ್, ಯಾವ ದಿನ ಅಂತ ನಾನು ಇಲ್ಲಿ ಹೇಳುವುದಿಲ್ಲ.

ನಾನು 1987ರಲ್ಲಿ ಆರ್ಟಿಲರಿಗೆ, ಅಂದರೆ ಸೈನ್ಯದ ತೋಪುಪಡೆಗೆ, ಸೇರಿ 2011ರಲ್ಲಿ ಹವಾಲ್ದಾರ್ ಆಗಿ ನಿವೃತ್ತನಾದವನು. ಟೆಕ್ನಿಕಲ್ ಅಸಿಸ್ಟೆಂಟ್ ಆಗಿದ್ದೆ, ನಮ್ಮಲ್ಲಿ ಟಿಎ ಅನ್ನುತ್ತಾರೆ. ತೋಪು ಹಾರಿಸುವವರು ಬೇರೆ. ಎಲ್ಲಿಗೆ ಹಾರಿಸಬೇಕು ಅಂತ ನೋಡಿ ಹೇಳುವವರು ಬೇರೆ. ನಾನು ನೋಡುವವರ ಕಡೆಯವನು. ಎತ್ತರದ ಜಾಗದಲ್ಲಿ ಓಪಿ, ಅಂದರೆ ಕೂತು ನೋಡುವ ಠಾಣೆ, ಮಾಡಿಕೊಂಡು ಒಬ್ಬ ಆಫೀಸರ್, ಒಬ್ಬ ಟಿಎ, ಒಬ್ಬ ರೇಡಿಯೊ ಆಪರೇಟರ್ ಕೂರುತ್ತೇವೆ. ಕಂಪಾಸ್, ಮ್ಯಾಪು, ದುರ್ಬೀನು, ಒಂದು ನೋಟ್‌ಬುಕ್ಕು. ದಿನಗಟ್ಟಲೆ ನೋಡುವುದು, ಬರೆಯುವುದು, ರೇಡಿಯೊದಲ್ಲಿ ಹೇಳುವುದು.

ಹಾಗಾಗಿ ಆ ನಲವತ್ತು ಸೆಕೆಂಡ್ ನೋಡುವಾಗ ನನ್ನ ಹಳೇ ಕೆಲಸ ತಾನಾಗಿ ಶುರುವಾಯಿತು. ವ್ಯಾಗನ್ ಎಷ್ಟು ಅಂತ ಎಣಿಸಿದೆ. ತೋಪುಗಳ ಮೇಲೆ ಟಾರ್ಪಾಲು ಇತ್ತು. ಆದರೆ ನಳಿಗೆಯ ಉದ್ದ, ಚಕ್ರದ ಗಾತ್ರ ಟಾರ್ಪಾಲಿನೊಳಗಿಂದಲೂ ಗೊತ್ತಾಗುತ್ತದೆ. ಯಾವ ತೋಪು ಅಂತ ತಿಳಿಯಿತು. ಒಂದು ಲಾರಿಯ ಬಂಪರ್ ಮೇಲೆ ಗುರುತು ಬಳಿದಿತ್ತು. ಎಂಜಿನ್ ಯಾವ ಕಡೆಗೆ ಮುಖ ಮಾಡಿದೆ ಅಂತ ಕಂಡಿತು. ಹಿಂದೆ ಮೈಕಿನಲ್ಲಿ ‘ಇಂಥ ಎಕ್ಸ್‌ಪ್ರೆಸ್ ಇಷ್ಟು ನಿಮಿಷ ತಡವಾಗಿ ಬರಲಿದೆ’ ಅಂತ ಹೇಳುತ್ತಿದ್ದರು. ಅಷ್ಟು ಸಾಕು, ಅದು ಯಾವ ದಿನ, ಎಷ್ಟು ಗಂಟೆ ಅಂತ ಯಾರಾದರೂ ಕೂತು ಲೆಕ್ಕ ಹಾಕಬಹುದು. ಕೊನೆಯ ವ್ಯಾಗನ್ ಮೇಲೆ ಒಬ್ಬ ಹುಡುಗ ಕೂತು ಸ್ಟೀಲ್ ಮಗ್ಗಿನಲ್ಲಿ ಟೀ ಕುಡಿಯುತ್ತಿದ್ದ. ಕ್ಯಾಮೆರಾ ನೋಡಿ ಕೈ ಬೀಸಿದ.

ಎಷ್ಟು, ಏನು, ಎಲ್ಲಿ, ಯಾವಾಗ, ಯಾವ ಕಡೆಗೆ. ಓಪಿಯಲ್ಲಿ ಕೂತು ನಾವು ಬರೆಯುತ್ತಿದ್ದದ್ದೂ ಈ ಐದನ್ನೇ.

ಅಣ್ಣನ ಮಗನಿಗೆ ಫೋನ್ ಮಾಡಿ ತೆಗೆದುಹಾಕು ಅಂದೆ. ‘ಅದರಲ್ಲಿ ಗುಟ್ಟು ಏನಿದೆ ಚಿಕ್ಕಪ್ಪಾ? ಪ್ಲಾಟ್‌ಫಾರಂನಲ್ಲಿ ಇದ್ದವರೆಲ್ಲ ನೋಡಿದ್ದಾರಲ್ಲ’ ಅಂದ. ಕೇಳಬೇಕಾದ ಪ್ರಶ್ನೆಯೇ. ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅವನಿಗೂ, ಅವನಂಥ ಸಾವಿರಾರು ಮಕ್ಕಳಿಗೂ ಈಗ ಹೇಳುತ್ತಿದ್ದೇನೆ.

1999ರ ಮೇ ಕೊನೆಯಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ನಮ್ಮ ರೆಜಿಮೆಂಟ್ ದ್ರಾಸ್‌ಗೆ ಹೋಯಿತು. ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿ ದ್ರಾಸ್ ಊರಿನ ಮೂಲಕವೇ ಹೋಗುತ್ತದೆ. ಲಡಾಖಿಗೆ ಆಗ ಅದೇ ಜೀವನಾಡಿ. ರಸ್ತೆಯ ಪಕ್ಕದಲ್ಲೇ ತೋಲೋಲಿಂಗ್ ಬೆಟ್ಟ, ಸುಮಾರು 15,000 ಅಡಿ. ಅದರ ಮೇಲೆ ಪಾಕಿಸ್ತಾನದವರು ಕೂತಿದ್ದರು. ಅವರ ಹತ್ತಿರವೂ ದುರ್ಬೀನು, ರೇಡಿಯೊ ಇತ್ತು. ರಸ್ತೆಯಲ್ಲಿ ಲಾರಿ ಕಂಡರೆ ಆ ಕಡೆಯ ತೋಪುಗಳಿಗೆ ಹೇಳುತ್ತಿದ್ದರು. ಒಂದು ಶೆಲ್ ಆಚೆ ಬೀಳುತ್ತಿತ್ತು. ಇನ್ನೊಂದು ಈಚೆ. ಮೂರನೆಯದು ರಸ್ತೆಯ ಮೇಲೆ. ನೋಡುವವನಿಲ್ಲದ ತೋಪು ಕುರುಡು, ಅದು ಎಲ್ಲಿ ಬಿತ್ತು ಅಂತ ಅದಕ್ಕೇ ಗೊತ್ತಿರುವುದಿಲ್ಲ. ಅವರ ತೋಪುಗಳಿಗೆ ಕಣ್ಣಿತ್ತು. ಮೇ 9ರಂದು ಕಾರ್ಗಿಲ್‌ನಲ್ಲಿ ನಮ್ಮ ಮದ್ದುಗುಂಡಿನ ದಾಸ್ತಾನಿಗೇ ಶೆಲ್ ಬಿದ್ದಿತ್ತು. ನಾವು ಅಲ್ಲಿಗೆ ಹೋಗುವ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ ಮಾತು.

ಅದಕ್ಕೇ ಕಾನ್ವಾಯ್ ರಾತ್ರಿ ಹೋಗುತ್ತಿತ್ತು, ಹೆಡ್‌ಲೈಟ್ ಆರಿಸಿ. ಸೈನ್ಯದ ಲಾರಿಯ ಹಿಂದಿನ ಆ್ಯಕ್ಸಲ್ ಮಧ್ಯೆ ದುಂಡಗೆ ಬಿಳಿ ಬಣ್ಣ ಬಳಿದಿರುತ್ತದೆ. ಅದರ ಮೇಲೆ ಬೀಳುವ ಹಾಗೆ ಒಂದು ಸಣ್ಣ ಬಲ್ಬು. ಹಿಂದಿನ ಡ್ರೈವರಿಗೆ ಆ ಬಿಳಿ ಚುಕ್ಕೆ ಮಾತ್ರ ದಾರಿ. ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಕೆಳಗೆ ನದಿ. ಮೊದಲ ರಾತ್ರಿ ನಾನು ಡ್ರೈವರ್ ಪಕ್ಕ ಕೂತಿದ್ದೆ. ಒಬ್ಬ ಹುಡುಗ ಬೀಡಿ ಹಚ್ಚಲು ಬೆಂಕಿಕಡ್ಡಿ ಗೀರಿದ. ನಮ್ಮ ಸುಬೇದಾರ್ ಸಾಹೇಬರು ಮಾತಾಡದೆ ಅದನ್ನು ಬೆರಳಿನಲ್ಲೇ ಹೊಸಕಿ ಆರಿಸಿದರು. ಬೆರಳು ಸುಟ್ಟಿತ್ತು. ಬೆಳಿಗ್ಗೆ ನೋಡಿದೆ.

ಜೂನ್ 13ರಂದು ತೋಲೋಲಿಂಗ್ ನಮ್ಮ ಕೈಗೆ ಬಂತು. ಅದಕ್ಕೆ ತೆತ್ತ ಪ್ರಾಣಗಳ ಲೆಕ್ಕ ದೇಶಕ್ಕೆ ಗೊತ್ತಿದೆ. ಕೆಲವು ದಿನಗಳ ನಂತರ ನಮ್ಮ ಓಪಿ ತಂಡ ಅದೇ ಬೆಟ್ಟಸಾಲಿನ ಒಂದು ನೆತ್ತಿಗೆ ಹತ್ತಿತು. ಪಾಕಿಸ್ತಾನದವರು ಕಲ್ಲು ಪೇರಿಸಿ ಮಾಡಿಕೊಂಡಿದ್ದ ಸಂಗರ್ ಎಂಬ ಅಡಗುತಾಣವೊಂದರಲ್ಲಿ ನಾನು ಕೂತೆ. ಒಳಗೆ ಖಾಲಿ ತುಪ್ಪದ ಡಬ್ಬಿ ಬಿದ್ದಿತ್ತು. ಎದುರಿಗಿದ್ದ ಕಿಂಡಿಯಲ್ಲಿ ಕಣ್ಣಿಟ್ಟೆ.

ರಸ್ತೆ ಕಂಡಿತು. ನಾವು ಬಂದಿದ್ದ ರಸ್ತೆ. ದುರ್ಬೀನು ಬೇಕಾಗಲಿಲ್ಲ, ಬರಿಗಣ್ಣಿಗೇ ಲಾರಿಗಳನ್ನು ಎಣಿಸಬಹುದಿತ್ತು. ಯಾವುದು ನೀರಿನ ಟ್ಯಾಂಕರ್, ಯಾವುದು ಆಂಬುಲೆನ್ಸ್ ಅಂತ ಹೇಳಬಹುದಿತ್ತು. ನನ್ನ ಹೊಟ್ಟೆಯೊಳಗೆ ತಣ್ಣಗಾಯಿತು. ಈ ಕಿಂಡಿಯಲ್ಲಿ ಕೂತವನು ಆ ರಾತ್ರಿ ನನ್ನನ್ನೂ ಹುಡುಕಿದ್ದನಲ್ವಾ.

ಆ ಜಾಗದಲ್ಲಿ ಬಂದು ಕೂರಲು ಅವರು ಏನೆಲ್ಲ ಪಟ್ಟಿದ್ದರು ಅಂತ ಯೋಚಿಸಿ. ಚಳಿಗಾಲದ ಹಿಮದಲ್ಲಿ ಗಡಿ ದಾಟಿದ್ದರು. ಸೀಮೆಎಣ್ಣೆ, ಹಿಟ್ಟು, ಮದ್ದುಗುಂಡು ಎಲ್ಲ ಬೆನ್ನ ಮೇಲೆ ಹೊತ್ತು ತಂದಿದ್ದರು. ತಿಂಗಳುಗಟ್ಟಲೆ ಕಲ್ಲಿನ ಸಂದಿಯಲ್ಲಿ ಬಿದ್ದುಕೊಂಡಿದ್ದರು. ಎಷ್ಟೋ ಜನ ಅಲ್ಲೇ ಸತ್ತರು. ಇಷ್ಟೆಲ್ಲ ಮಾಡಿದ ಮೇಲೆ ಸಿಕ್ಕಿದ್ದು ರಸ್ತೆ ಕಾಣುವ ಒಂದು ಕಿಂಡಿ. ಇವತ್ತು ನಮ್ಮ ಹುಡುಗರು ಅದೇ ನೋಟವನ್ನು ಪ್ಲಾಟ್‌ಫಾರಂ ಮೇಲೆ ನಿಂತು, ಹಗಲು ಬೆಳಕಿನಲ್ಲಿ, ಹತ್ತು ಅಡಿ ದೂರದಿಂದ ಹಿಡಿದು ಜಗತ್ತಿಗೆಲ್ಲ ಕಳಿಸುತ್ತಿದ್ದಾರೆ. ಒಂದು ರೂಪಾಯಿ ಖರ್ಚಿಲ್ಲದೆ.

‘ಗುಟ್ಟು ಏನಿದೆ’ ಅನ್ನುವ ಮಾತಿಗೆ ಬರುತ್ತೇನೆ. ಓಪಿಯಲ್ಲಿ ಇಪ್ಪತ್ತು ವರ್ಷ ಕೂತರೂ ನನಗೆ ಒಂದೇ ಒಂದು ಗುಟ್ಟು ಸಿಗಲಿಲ್ಲ. ಸಿಕ್ಕಿದ್ದೆಲ್ಲ ಚಿಲ್ಲರೆ. ರಾತ್ರಿ ಗುಡ್ಡದ ಹಿಂದೆ ಬೆಳಕು ಮಿಂಚಿದರೆ ಆ ದಿಕ್ಕನ್ನು ಕಂಪಾಸಿನಲ್ಲಿ ಹಿಡಿಯುತ್ತಿದ್ದೆವು. ಸದ್ದು ಬರುವ ತನಕ ಎಣಿಸುತ್ತಿದ್ದೆವು. ಮೂರು ಎಣಿಸಿದರೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್. ಪಕ್ಕದ ಗುಡ್ಡದ ಓಪಿಯವರೂ ಹಾಗೇ ಬರೆದಿರುತ್ತಾರೆ. ಮ್ಯಾಪಿನ ಮೇಲೆ ಎರಡು ಗೆರೆ ಎಳೆದರೆ ಒಂದು ಕಡೆ ಸೇರುತ್ತವೆ. ತೋಪು ಅಲ್ಲೇ ಸುತ್ತಮುತ್ತ. ನಾನು ಬರೆದ ದಿಕ್ಕಿಗೆ ಒಂದೇ ಇದ್ದರೆ ಬೆಲೆ ಇಲ್ಲ, ಅವರು ಬರೆದದ್ದಕ್ಕೂ ಇಲ್ಲ. ಸೇರಿದರೆ ಬೆಲೆ.

ಇನ್ನೊಂದು ಹೇಳಬೇಕು. ಇದನ್ನು ನಾನು ಜಾಸ್ತಿ ಯಾರಿಗೂ ಹೇಳಿಲ್ಲ. ಎದುರು ಬೆಟ್ಟದ ಹೆಗಲಿನಲ್ಲಿ ಹಿಮ ಉಳಿದಿತ್ತು. ಒಂದು ಬೆಳಿಗ್ಗೆ ಅದರ ಮೇಲೆ ಪೆನ್ಸಿಲಿನಲ್ಲಿ ಎಳೆದ ಹಾಗೆ ತೆಳ್ಳಗೆ ಒಂದು ಗೆರೆ ಕಂಡಿತು. ಬರೆದುಕೊಂಡೆ. ಮಾರನೆ ದಿನ ಗೆರೆ ಸ್ವಲ್ಪ ದಪ್ಪ ಆಗಿತ್ತು. ಮೂರನೆ ದಿನ ಇನ್ನೂ ದಪ್ಪ, ಇನ್ನೂ ಕಪ್ಪು. ಹಗಲೆಲ್ಲ ಅಲ್ಲಿ ಒಂದು ಹುಳವೂ ಅಲುಗುತ್ತಿರಲಿಲ್ಲ. ಅಂದರೆ ರಾತ್ರಿ ಜನ ಓಡಾಡುತ್ತಿದ್ದಾರೆ, ದಿನಾ ಅದೇ ದಾರಿ, ಭಾರ ಹೊತ್ತು. ಮೇಲೆ ಯಾರೋ ಇದ್ದಾರೆ, ಅವರಿಗೆ ಅನ್ನ, ಗುಂಡು ಹೋಗುತ್ತಿದೆ. ಆಫೀಸರಿಗೆ ಹೇಳಿದೆ. ಅವರು ಮ್ಯಾಪಿನಲ್ಲಿ ಆ ದಾರಿಗೆ ನಂಬರ್ ಕೊಟ್ಟು ಬ್ಯಾಟರಿಗೆ, ಅಂದರೆ ನಮ್ಮ ತೋಪುಗಳ ತುಕಡಿಗೆ, ಕಳಿಸಿದರು. ನಾಲ್ಕನೆ ರಾತ್ರಿ ಬೋಫೋರ್ಸ್ ತೋಪು ಮಾತಾಡಿತು. ಐದನೆ ಬೆಳಿಗ್ಗೆ ಹಿಮದ ಮೇಲೆ ಆ ಗೆರೆ ಇರಲಿಲ್ಲ.

ಆ ಜನ ಯಾವ ಗುಟ್ಟನ್ನೂ ಬಿಟ್ಟುಕೊಟ್ಟಿರಲಿಲ್ಲ. ಹಿಮದ ಮೇಲೆ ನಡೆದಿದ್ದರು, ಅಷ್ಟೆ. ಅವರೂ ಯಾರದೋ ಮನೆಯ ಮಕ್ಕಳು. ಇಪ್ಪತ್ತೈದು ವರ್ಷವಾದರೂ ಆ ಗೆರೆ ನನ್ನ ಕಣ್ಣಿನಿಂದ ಹೋಗಿಲ್ಲ. ರೈಲಿನ ವಿಡಿಯೊ ನೋಡಿದಾಗ ನೆನಪಾದದ್ದೂ ಅದೇ.

ಆಗ ನೋಡಲು ಎಷ್ಟು ಕಷ್ಟ ಇತ್ತು ಅಂತ ಈಗಿನವರಿಗೆ ಗೊತ್ತಾಗುವುದು ಕಷ್ಟ. ಬೆಟ್ಟದ ಮೇಲೆ ಏನಿದೆ ಅಂತ ಫೋಟೊ ತೆಗೆಯಲು ಮೇ 21ರಂದು ವಾಯುಪಡೆಯ ಒಂದು ಕ್ಯಾನ್‌ಬೆರಾ ವಿಮಾನ ಹೋಗಿತ್ತು. ಕ್ಷಿಪಣಿ ಬಡಿದು ಒಂದು ಎಂಜಿನ್ ಹಾಳಾಯಿತು. ಉಳಿದ ಒಂದೇ ಎಂಜಿನ್‌ನಲ್ಲಿ ವಾಪಸ್ ಬಂದು ಇಳಿಯಿತು. ಕೆಲವು ಫೋಟೊಗಳಿಗೆ ಅಷ್ಟು ಬೆಲೆ. ಆಗಿನ ನಮ್ಮ ಐಆರ್‌ಎಸ್ ಉಪಗ್ರಹಗಳ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 5.8 ಮೀಟರ್. ಅಂದರೆ ಒಂದು ಲಾರಿ ಒಂದೋ ಎರಡೋ ಚುಕ್ಕೆ. 2001ರಲ್ಲಿ ಟಿಇಎಸ್ ಉಪಗ್ರಹ ಹೋದ ಮೇಲೆ 1 ಮೀಟರ್‌ನಷ್ಟು ಸಣ್ಣದೂ ಕಾಣುವ ಹಾಗಾಯಿತು. ಆಮೇಲೆ ಕಾರ್ಟೋಸ್ಯಾಟ್ ಉಪಗ್ರಹಗಳು ಬಂದವು. ಶೆಲ್ ಗಾಳಿಯಲ್ಲಿ ಇರುವಾಗಲೇ ಹಿಡಿದು, ಅದು ಹೊರಟ ತೋಪು ಎಲ್ಲಿದೆ ಅಂತ ಲೆಕ್ಕ ಹಾಕುವ ಸ್ವಾತಿ ರಡಾರ್ ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡಿತು. ಅಂಥದ್ದೊಂದು ನಮ್ಮ ಹತ್ತಿರ ಆಗ ಇದ್ದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ.

ಆದರೆ ಈಗಲೂ ಉಪಗ್ರಹ ಬೇಕಾದಾಗೆಲ್ಲ ತಲೆ ಮೇಲೆ ನಿಂತಿರುವುದಿಲ್ಲ. ಅದು ಬರುವ ಹೊತ್ತು ಲೆಕ್ಕ ಹಾಕಬಹುದು. ಮೋಡ ಕವಿದರೆ ಕ್ಯಾಮೆರಾಕ್ಕೆ ಏನೂ ಕಾಣದು. ಡ್ರೋನ್ ಹಾರಿದರೆ ರಡಾರ್ ಹಿಡಿಯುತ್ತದೆ, ಹೊಡೆದು ಬೀಳಿಸಬಹುದು. ಅದಕ್ಕೆಲ್ಲ ಸೈನ್ಯದಲ್ಲಿ ಉಪಾಯ ಇದೆ. ಬಲೆ ಹೊದಿಸುತ್ತೇವೆ, ರಾತ್ರಿ ಹೊರಡುತ್ತೇವೆ, ಸುಳ್ಳು ತೋಪು ಇಟ್ಟು ಮೋಸ ಮಾಡುತ್ತೇವೆ. ಸ್ವಂತ ಊರಿನ ಸ್ಟೇಷನ್ನಿನಲ್ಲಿ ಪ್ರೀತಿಯಿಂದ ಕೈ ಬೀಸುವ ಹುಡುಗನ ಫೋನಿಗೆ ಏನು ಬಲೆ ಹೊದಿಸುವುದು?

ಹಳೇ ಸಿಪಾಯಿಯ ಭಯ ಅಂತ ಯಾರಾದರೂ ತಳ್ಳಿಹಾಕಬಾರದು. ಅದಕ್ಕೆ ಹೊರದೇಶದ ಎರಡು ಸಂಗತಿ ಹೇಳುತ್ತೇನೆ. 2014ರ ಜುಲೈ 17ರಂದು ಪೂರ್ವ ಉಕ್ರೇನ್ ಮೇಲೆ ಮಲೇಷ್ಯಾದ ಪ್ರಯಾಣಿಕರ ವಿಮಾನವನ್ನು ಹೊಡೆದು ಬೀಳಿಸಿದರು. 298 ಜನ ಸತ್ತರು. ಹೊಡೆದದ್ದು ಬುಕ್ ಎಂಬ ಕ್ಷಿಪಣಿ. ಅದನ್ನು ಹಾರಿಸಿದ ಗಾಡಿ ಎಲ್ಲಿಂದ ಬಂತು? ಅದಕ್ಕೆ ಮೊದಲ ಜೂನ್‌ನಲ್ಲಿ ರಷ್ಯಾದ ಕುರ್ಸ್ಕ್‌ನಿಂದ ಗಡಿ ಕಡೆಗೆ ಒಂದು ಕಾನ್ವಾಯ್ ಹೋಗಿತ್ತು. ದಾರಿಬದಿಯ ಜನ ಸುಮ್ನೆ ಫೋನಿನಲ್ಲಿ ಹಿಡಿದು ಇಂಟರ್‌ನೆಟ್ಟಿಗೆ ಹಾಕಿದ್ದರು. ಬೆಲ್ಲಿಂಗ್‌ಕ್ಯಾಟ್ ಎಂಬ ತಂಡದವರು ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಆ ತುಣುಕುಗಳನ್ನು ಜೋಡಿಸಿದರು. ಹಿಂದೆ ಕಾಣುವ ಅಂಗಡಿ, ಕಂಬ, ತಿರುವು ನೋಡಿ ಜಾಗ ಕಂಡುಹಿಡಿದರು. ಗಾಡಿಯ ಪಕ್ಕದ ರಬ್ಬರ್ ಅಂಚು ಎಲ್ಲಿ ಹರಿದಿದೆ, ಬಿಳಿ ಬಣ್ಣದ ಗುರುತು ಎಲ್ಲಿ ಅಳಿಸಿದೆ ಅಂತ ಹೋಲಿಸಿದರು. ಅದು ರಷ್ಯಾದ 53ನೇ ಬ್ರಿಗೇಡಿನ ಗಾಡಿ ಅಂತ ಹೇಳಿದರು. 2018ರ ಮೇ ತಿಂಗಳಲ್ಲಿ ಹಲವು ದೇಶಗಳ ತನಿಖಾ ತಂಡವೂ ಅದನ್ನೇ ಹೇಳಿತು.

ಅಲ್ಲಿ ಆ ವಿಡಿಯೊಗಳಿಂದ ಸತ್ಯ ಹೊರಬಂತು, ಸತ್ತವರ ಮನೆಯವರಿಗೆ ಒಂದು ಉತ್ತರ ಸಿಕ್ಕಿತು. ಅದಕ್ಕೆ ನನ್ನ ಗೌರವ ಇದೆ. ಆದರೆ ಕೆಲಸದ ರೀತಿ ನೋಡಿ. ಸಂಬಳವಿಲ್ಲದ ಮನೆಮಂದಿ ಹಾದಿಬದಿಯ ವಿಡಿಯೊದಿಂದ ಒಂದು ಬ್ರಿಗೇಡಿನ ದಾರಿಯನ್ನೇ ಬರೆದರು. ಇದೇ ಕೆಲಸಕ್ಕೆ ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡ ದೇಶ ನಮ್ಮ ವಿಡಿಯೊಗಳನ್ನು ನೋಡುತ್ತಿದ್ದರೆ?

ಇನ್ನೊಂದು ಸಂಗತಿ 2023ರ ಜನವರಿ 1ರದು. ಪೂರ್ವ ಉಕ್ರೇನಿನಲ್ಲಿ ರಷ್ಯಾದ ವಶದಲ್ಲಿದ್ದ ಮಕೀವ್ಕಾ ಊರಿನಲ್ಲಿ ರಷ್ಯಾದ ಸೈನಿಕರು ಉಳಿದುಕೊಂಡಿದ್ದ ಕಟ್ಟಡಕ್ಕೆ ನಡುರಾತ್ರಿ ಉಕ್ರೇನಿನ ರಾಕೆಟ್‌ಗಳು ಬಿದ್ದವು. 89 ಜನ ಸತ್ತರು, ಸೈನಿಕರು ಫೋನ್ ಬಳಸಿದ್ದೇ ಮುಖ್ಯ ಕಾರಣ ಅಂತ ಹೇಳಿದ್ದು ರಷ್ಯಾದ ರಕ್ಷಣಾ ಇಲಾಖೆಯೇ.

ನಮ್ಮ ದೇಶದಲ್ಲೇ 2008ರ ನವೆಂಬರ್ 26 ಇದೆಯಲ್ಲ. ಮುಂಬೈನ ಹೋಟೆಲುಗಳ ಮುಂದೆ ಕ್ಯಾಮೆರಾ ಇಟ್ಟು ಟಿವಿಯವರು ಎಲ್ಲವನ್ನೂ ನೇರವಾಗಿ ತೋರಿಸಿದರು. ಪಾಕಿಸ್ತಾನದಲ್ಲಿ ಕೂತವರು ಅದನ್ನು ನೋಡಿ ಒಳಗಿದ್ದ ಉಗ್ರರಿಗೆ ಫೋನಿನಲ್ಲಿ ಹೇಳುತ್ತಿದ್ದರು. 2012ರ ಆಗಸ್ಟ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚಾನೆಲ್‌ಗಳನ್ನು ಇದಕ್ಕಾಗಿ ಗಟ್ಟಿಯಾಗಿಯೇ ತರಾಟೆಗೆ ತೆಗೆದುಕೊಂಡಿತು. ಈಗ ಕೇಬಲ್ ಟಿವಿ ನಿಯಮದಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆಯನ್ನು ನೇರ ಪ್ರಸಾರ ಮಾಡಬಾರದು ಅಂತ ಇದೆ. ಪಹಲ್ಗಾಮ್ ದಾಳಿಯ ನಂತರ, 2025ರ ಏಪ್ರಿಲ್ 26ರಂದು, ಸೈನ್ಯದ ಓಡಾಟ ತೋರಿಸಬೇಡಿ ಅಂತ ಕೇಂದ್ರ ಸರ್ಕಾರ ಮಾಧ್ಯಮದವರಿಗೂ, ಸಾಮಾಜಿಕ ಜಾಲತಾಣ ಬಳಸುವವರಿಗೂ ಸೂಚನೆ ಕೊಟ್ಟಿತು. ಅದರಲ್ಲಿ ಕಾರ್ಗಿಲ್ ಹೆಸರೂ ಇತ್ತು. ಒಳ್ಳೆಯದೇ. ಆದರೆ ಆ ಸೂಚನೆ ನಮ್ಮ ಹಳ್ಳಿಯ ಗುಂಪಿನ ತನಕ ಬರಲಿಲ್ಲ. ನಮ್ಮ ಗುಂಪಿನ ಇಪ್ಪತ್ತೇಳು ಜನರಲ್ಲಿ ಅದನ್ನು ಕೇಳಿದವರು ಇಬ್ಬರು.

ಹಾಗಂತ ಸಾಮಾನ್ಯ ಜನ ಕಣ್ಣು ಮುಚ್ಚಿಕೊಂಡು ಇರಿ ಅಂತ ನಾನು ಖಂಡಿತ ಹೇಳುವುದಿಲ್ಲ. ಕಾರ್ಗಿಲ್‌ನಲ್ಲಿ ದೇಶವನ್ನು ಎಚ್ಚರಿಸಿದ್ದೇ ಒಬ್ಬ ಸಾಮಾನ್ಯ ಮನುಷ್ಯನ ಕಣ್ಣು. ಬಟಾಲಿಕ್ ಕಡೆಯ ಗಾರ್ಖೋನ್ ಹಳ್ಳಿಯ ತಾಶಿ ನಮ್‌ಗ್ಯಾಲ್. ಮೇ ತಿಂಗಳ ಮೊದಲ ದಿನಗಳಲ್ಲಿ ಕಳೆದುಹೋದ ತನ್ನ ಯಾಕ್ ಹುಡುಕಿಕೊಂಡು ಬೆಟ್ಟಕ್ಕೆ ಹೋಗಿದ್ದ. ಕೈಯಲ್ಲಿ ದುರ್ಬೀನು ಇತ್ತು. ದೂರದಲ್ಲಿ ಕೆಲವರು ಮಣ್ಣು ಅಗೆಯುತ್ತಿದ್ದದ್ದು ಕಂಡಿತು. ಉಡುಪು ಆ ಊರಿನವರದಲ್ಲ. ಚಳಿಗಾಲದಲ್ಲಿ ಆ ಸಾಲಿನ ಮೇಲೆ ಹೆಲಿಕಾಪ್ಟರ್‌ಗಳು ಹಾರಿದ್ದವು, ಅವುಗಳಿಗೆ ಕಂಡಿರಲಿಲ್ಲ. ಆಮೇಲೆ ಯುದ್ಧದ ಪರಾಮರ್ಶೆಗೆ ಸರ್ಕಾರ ನೇಮಿಸಿದ ಕೆ. ಸುಬ್ರಹ್ಮಣ್ಯಂ ಸಮಿತಿ ಈ ಲೋಪಗಳನ್ನೆಲ್ಲ ಕೂಲಂಕಷವಾಗಿ ಬರೆಯಿತು. ಹೆಲಿಕಾಪ್ಟರ್‌ಗೆ ಕಾಣದ್ದು ಅವನಿಗೆ ಕಂಡಿತು. ಯಾಕೆಂದರೆ ಆ ಬೆಟ್ಟದಲ್ಲಿ ಯಾರು ಇರಬೇಕು, ಯಾರು ಇರಬಾರದು ಅಂತ ಅವನಿಗೆ ಗೊತ್ತಿತ್ತು.

ಆಮೇಲೆ ಅವನು ಮಾಡಿದ್ದನ್ನು ಗಮನಿಸಿ. ಇಳಿದು ಬಂದು ಹತ್ತಿರದ ಸೈನ್ಯದ ಪೋಸ್ಟಿಗೆ ಹೇಳಿದ. 2024ರ ಡಿಸೆಂಬರ್‌ನಲ್ಲಿ ಅವನು ತೀರಿಕೊಂಡಾಗ ಸೈನ್ಯವೇ ಗೌರವ ಸಲ್ಲಿಸಿತು. ನಾನೂ ಆ ದಿನ ನಮ್ಮ ಮನೆ ದೇವರ ಮುಂದೆ ಒಂದು ದೀಪ ಹಚ್ಚಿದೆ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಸೈನ್ಯದ ರೈಲು, ಲಾರಿ, ತೋಪು ಹೋಗುವ ಚಿತ್ರ ಯಾರಾದರೂ ಕಳಿಸಿದರೆ ಹಾಕಬೇಡಿ. ಹಾಕಲೇಬೇಕಾದರೆ ರೈಲು ಹೋಗಿ ತುಂಬ ದಿನವಾದ ಮೇಲೆ, ಸ್ಟೇಷನ್ನಿನ ಹೆಸರು, ಗಾಡಿಯ ಗುರುತು, ಹುಡುಗರ ಮುಖ ಮರೆಮಾಡಿ ಹಾಕಿ. ಒಂದು ದಿನ ಮೊದಲ ಪುಟದಲ್ಲಿ ನಾಲ್ಕು ಸಾಲು ಪ್ರಕಟಿಸಿ: ಸೈನ್ಯದ ರೈಲು ಕಂಡರೆ ಕೈ ಬೀಸಿ, ನೀರು ಕೊಡಿ, ಬಾಳೆಹಣ್ಣು ಕೊಡಿ, ಫೋನ್ ಜೇಬಿನಲ್ಲಿ ಇರಲಿ. ಅನುಮಾನ ಬರುವಂಥದ್ದು ಏನಾದರೂ ಕಂಡರೆ ಪೊಲೀಸರಿಗೆ ಹೇಳಿ, ಗುಂಪಿಗೆ ಹಾಕಬೇಡಿ. ರೈಲ್ವೆಯವರು ಮೈಕಿನಲ್ಲಿ ಜೇಬುಗಳ್ಳರ ಬಗ್ಗೆ ಎಚ್ಚರಿಸುತ್ತಾರೆ, ಹಳಿ ದಾಟಬೇಡಿ ಅನ್ನುತ್ತಾರೆ. ಸೈನ್ಯದ ರೈಲು ನಿಂತಾಗ ಇದನ್ನೂ ಒಂದು ಮಾತು ಹೇಳಬಹುದು. ಶಾಲೆಗಳಲ್ಲಿ ಜುಲೈ 26ರಂದು ಕಾರ್ಗಿಲ್ ದಿನ ಮಾಡುತ್ತಾರೆ. ನನ್ನನ್ನೂ ಕರೆಯುತ್ತಾರೆ, ಶಾಲು ಹೊದಿಸುತ್ತಾರೆ. ಈ ಸಲ ಕರೆದರೆ ಮಕ್ಕಳಿಗೆ ಹಿಮದ ಮೇಲಿನ ಗೆರೆಯ ಕಥೆ ಹೇಳುತ್ತೇನೆ.

ಅಣ್ಣನ ಮಗ ವಿಡಿಯೊ ತೆಗೆದುಹಾಕಿದ್ದಾನೆ. ಕಳಿಸಿದವರಿಗೆಲ್ಲ ಫೋನ್ ಮಾಡಿ ತೆಗೆಸಲು ಒಂದು ಭಾನುವಾರ ಪೂರ್ತಿ ಓಡಾಡಿದ. ಅಳುವಂತಾಗಿದ್ದ. ನಾನೇ ಸಮಾಧಾನ ಮಾಡಿದೆ. ಆದರೂ ಮೊನ್ನೆ ಅದು ಇನ್ನೊಂದು ಗುಂಪಿನಿಂದ ಬಂತು. ಆ ಹುಡುಗ ಮಗ್ಗು ಹಿಡಿದು ಇನ್ನೂ ಕೈ ಬೀಸುತ್ತಲೇ ಇದ್ದಾನೆ.

ನಾನೂ ಅಂಥದ್ದೇ ಒಂದು ರೈಲಿನಲ್ಲಿ ಹೋದವನು. ಎಲ್ಲಿಗೆ ಅಂತ ನಮಗೂ ಜಮ್ಮು ಹತ್ತಿರ ಬರುವ ತನಕ ಹೇಳಿರಲಿಲ್ಲ. ಮನೆಗೆ ಬರೆದ ಇನ್‌ಲ್ಯಾಂಡ್ ಲೆಟರಿನ ಮೇಲೆ ಊರಿನ ಹೆಸರು ಇರುತ್ತಿರಲಿಲ್ಲ. ನನ್ನ ನಂಬರ್, ಯೂನಿಟ್, ‘ಕೇರ್ ಆಫ್ 56 ಎಪಿಒ’ ಅಂತ ಸೈನ್ಯದ ಅಂಚೆ ಕಚೇರಿಯ ನಂಬರ್, ಅಷ್ಟೆ. ನಮ್ಮ ಅವ್ವನಿಗೆ ಓದು ಬರುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಹತ್ತಿರ ಓದಿಸಿಕೊಂಡು, ‘56 ಎಪಿಒ ಅಂದರೆ ಯಾವ ಊರು, ಎಲ್ಲಿದ್ದೀಯಪ್ಪಾ’ ಅಂತ ಉತ್ತರ ಬರೆಸಿದ್ದರು. ಇಲ್ಲಿ ಚಳಿ ಜಾಸ್ತಿ, ಊಟ ಚೆನ್ನಾಗಿದೆ ಅಂತ ಮಾತ್ರ ಬರೆದೆ. ಆಗಸ್ಟ್‌ನಲ್ಲಿ ರಜೆಗೆ ಬಂದು ಅಡುಗೆಮನೆಯಲ್ಲಿ ಕೂತ ಮೇಲೆ ದ್ರಾಸ್ ಅನ್ನುವ ಹೆಸರು ಹೇಳಿದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹವಾಲ್ದಾರ್, ಆರ್ಟಿಲರಿ
ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ